ಹೊಸ ಎಡೆ

ಬಸ್ಸು ಬಂದಾಗ ಸುವರ್ಣಮ್ಮ ಗಂಡ ತೋಂಟದಾರ್ಯರ ಫೋಟೋಗೆ ವಿಭೂತಿ ಹಚ್ಚುತ್ತಿದ್ದಳು. ಹನ್ನೊಂದಕ್ಕೆ ಬರುತ್ತೇವೆಂದವರು ಒಂಬತ್ತೂಕಾಲಿಗೇ ಬಂದು ಅಂಗಳದ ಮುಂದೆ ಹಾರನ್ ಹೊಡೆದರು. ಭಾನುವಾರ, ಸಾಲದ್ದಕ್ಕೆ ಅಮಾವಾಸ್ಯೆ, ಬೆಂಗಳೂರಿನಿಂದ ರಸ್ತೆಯೆಲ್ಲ ಖಾಲಿ ಇತ್ತಂತೆ. ಗೆರೆ ಎಳೆಯುತ್ತಿದ್ದ ಬೆರಳು ಅಲುಗಿ ವಿಭೂತಿ ಅವರ ಹುಬ್ಬಿನ ಮೇಲೆಲ್ಲ ಹರಡಿಕೊಂಡಿತು. ಸೆರಗಿನ ತುದಿಯಿಂದ ಒರೆಸಿ ಮತ್ತೆ ಹಚ್ಚಿದಳು. ಒಳಗೆ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ಕರಿಗಡುಬಿಗೆ ಹೂರಣ ತುಂಬುವುದು ಇನ್ನೂ ಅರ್ಧ ಉಳಿದಿತ್ತು, ಕೋಳಿ ಕೂಗುವ ಮೊದಲೇ ಎದ್ದ ಸೊಂಟ ಆಗಲೇ ಸಾಕು ಅನ್ನುತ್ತಿತ್ತು.

ಮಹಾಲಯ ಅಮಾವಾಸ್ಯೆ ಮನೆಯ ಹಿರಿಯರಿಗೆ ಎಡೆ ಇಡುವ ದಿನ. ತೋಂಟದಾರ್ಯರು ತೀರಿಕೊಂಡ ಮೇಲೆ ಬಂದ ಮೊದಲ ಮಹಾಲಯ ಇದು, ಅಂದರೆ ಹೊಸ ಎಡೆ. ಹಳೆಯ ಎಡೆಯಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿಯಾದರೆ ಅಜ್ಜ ಮುತ್ತಜ್ಜಂದಿರು ಹೊಂದಿಕೊಂಡು ಹೋಗುತ್ತಾರೆ. ಹೊಸದಾಗಿ ಹೋದವರು ಹಾಗಲ್ಲ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಬೇಕು, ಹೊಸ ಪಂಚೆ ಟವೆಲ್ಲು ಇಡಬೇಕು, ಎಲ್ಲಕ್ಕಿಂತ ಮೊದಲು ಮಗನಾದವನು ಎಲೆಯ ಮುಂದೆ ನಿಂತು ಬಾಯಿಬಿಟ್ಟು ಊಟಕ್ಕೆ ಕರೆಯಬೇಕು. ಕರೆದು, ಬಾಗಿಲು ಎಳೆದುಕೊಂಡು, ಮನೆಮಂದಿಯೆಲ್ಲ ಹೊರಗೆ ಬಂದು ಕೂರಬೇಕು. ಅವರು ಉಂಡೆದ್ದ ಮೇಲೆಯೇ ಬದುಕಿರುವವರಿಗೆ ಎಲೆ. ಮಗ ಕರೆಯದಿದ್ದರೆ ಹೋದವರು ಹೊಸ್ತಿಲು ದಾಟುವುದಿಲ್ಲ. ಇದು ಎಲ್ಲಿ ಬರೆದಿದೆ ಎಂದು ಯಾರಾದರೂ ಕೇಳಿದರೆ ಸುವರ್ಣಮ್ಮನಿಗೆ ಗೊತ್ತಿರಲಿಲ್ಲ. ಅವಳ ಅತ್ತೆಗೂ ಗೊತ್ತಿರಲಿಲ್ಲ. ಕೇಳುವ ಅಗತ್ಯವೂ ಇಬ್ಬರಿಗೂ ಬಿದ್ದಿರಲಿಲ್ಲ.

ಮಗ ಯೋಗೀಶ್ ಕರೆಯುತ್ತಾನೋ ಇಲ್ಲವೋ ಎಂಬುದೊಂದೇ ಒಂದು ತಿಂಗಳಿಂದ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಅಪ್ಪನನ್ನು ಅವನು ಕರೆಯದೆ ಹದಿನಾಲ್ಕು ತಿಂಗಳಾಗಿತ್ತು. ಅದರಲ್ಲಿ ಐದು ತಿಂಗಳು ಅಪ್ಪ ಬದುಕಿಯೇ ಇದ್ದರು.

ಬಸ್ಸಿನವರ ಕಥೆಯನ್ನೂ ಹೇಳಿಬಿಡಬೇಕು. ಪಟ್ಟಣದವರಿಗೆ ಹಳ್ಳಿ ನೋಡುವ ಹುಚ್ಚು ವರ್ಷವಿಡೀ ಅಷ್ಟಿಷ್ಟು ಇರುತ್ತದೆ, ಏರುವುದು ಗಣಪತಿ ಹಬ್ಬ ಕಳೆದ ಮೇಲೆ. ಮಳೆ ಹಿಂದೆಗೆದಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಹುಚ್ಚೆಳ್ಳು ಹೊಲ ಹಳದಿ ಹೂ ಬಿಟ್ಟು ಫೋಟೋಗೆ ಸಿದ್ಧವಾಗಿ ನಿಂತಿರುತ್ತದೆ. ಅಲ್ಲಿಂದ ದಸರೆ, ದೀಪಾವಳಿ ದಾಟಿ ಕಾರ್ತಿಕ ಮುಗಿಯುವವರೆಗೆ ಭಾನುವಾರ ಬಂತೆಂದರೆ ತಪ್ಪದೆ ಒಂದು ಬಸ್ಸು. ಮಾಯಸಂದ್ರದಿಂದ ಮೂರು ಮೈಲಿ ಒಳಗಿರುವ ಈ ತೋಟದ ಗೇಟಿಗೆ ಯೋಗೀಶ್ 'ತೋಟದಲ್ಲೊಂದು ದಿನ' ಎಂದು ಬೋರ್ಡು ಬರೆಸಿದ್ದ. ಬಂದವರಿಗೆ ಮೊದಲು ಎಳನೀರು, ಆಮೇಲೆ ಎತ್ತಿನ ಗಾಡಿ, ಉಯ್ಯಾಲೆ, ಪಂಪಿನ ನೀರಿಗೆ ತಲೆ ಕೊಟ್ಟು ಸ್ನಾನ, ಕಾಯಿ ಸುಲಿಯುವುದನ್ನು ನೋಡುವುದು, ಅಟ್ಟಕ್ಕೆ ಹತ್ತಿ ಒಣಗಿದ ಕೊಬ್ಬರಿಕಾಯಿ ಅಲ್ಲಾಡಿಸಿ ಗಿಲಕಿಯಂತೆ ಸದ್ದು ಕೇಳುವುದು, ಮಧ್ಯಾಹ್ನ ಬಾಳೆ ಎಲೆ ಊಟ. ಸಂಜೆ ಅವರು ತಿಪಟೂರಿಗೆ ಹೋಗಿ, ಹಬ್ಬ ಕಳೆದರೂ ತಿಂಗಳುಗಟ್ಟಲೆ ಕೂರಿಸಿರುವ ಅಲ್ಲಿನ ಗಣಪತಿ ನೋಡಿಕೊಂಡು ಊರು ಸೇರುತ್ತಾರೆ. ಕಾರ್ಯಕ್ರಮದ ನಡುವೆ ಎಲ್ಲೋ ಒಂದು ಕಡೆ ಸುವರ್ಣಮ್ಮನೂ ಇರುತ್ತಿದ್ದಳು. ಒನಕೆ ಹಿಡಿದು ನಿಲ್ಲಬೇಕು, ಅಜ್ಜಿ ಇತ್ತ ನೋಡಿ ಅಂದಾಗ ಇತ್ತ ನೋಡಬೇಕು. ಒನಕೆಯಲ್ಲಿ ಕುಟ್ಟುವುದನ್ನು ಬಿಟ್ಟು ಅವಳಿಗೆ ಮೂವತ್ತು ವರ್ಷವಾಗಿತ್ತು. ಮಗ ಅದನ್ನು ದನದ ಕೊಟ್ಟಿಗೆಯ ಮೂಲೆಯಿಂದ ಹುಡುಕಿ ತಂದು, ತೊಳೆದು, ಎಣ್ಣೆ ಹಚ್ಚಿ ನಿಲ್ಲಿಸಿದ್ದ.

ಇದಕ್ಕೆಲ್ಲ ತೋಂಟದಾರ್ಯರು ಬೇಡ ಅಂದವರಲ್ಲ. ಮಾಡಲಿ, ನಾಕು ಜನ ಬಂದು ಹೋಗಲಿ ಅಂದಿದ್ದರು. ಅವರು ಬೇಡ ಅಂದದ್ದು ಒಂದೇ ಒಂದಕ್ಕೆ. ಮನೆಯ ಮುಂದೆ ಹದಿನೇಳು ತೆಂಗಿನ ಮರಗಳಿದ್ದವು. ಯೋಗೀಶ್ ಹುಟ್ಟಿದ ವರ್ಷ ನೆಟ್ಟದ್ದು. ಆಗಿನ್ನೂ ಬೋರ್‌ವೆಲ್ ಇರಲಿಲ್ಲ. ಎರಡು ಬೇಸಿಗೆ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡಿದ್ದರು. ಬಸ್ಸು ತಿರುಗಲು ಜಾಗ ಬೇಕು, ಆ ಸಾಲು ತೆಗೆಯಬೇಕು ಎಂದು ಯೋಗೀಶ್ ಹೇಳಿದಾಗ, ಬಸ್ಸು ರಸ್ತೆಯಲ್ಲೇ ನಿಲ್ಲಲಿ, ಬರುವವರಿಗೆ ಕಾಲಿಲ್ಲವೇ ಎಂದು ಅವರು ಮಾತು ಮುಗಿಸಿದ್ದರು. ಮಗನಿಗೆ ಅದು ಮುಗಿದಿರಲಿಲ್ಲ. ಹೋದ ವರ್ಷದ ಆಷಾಢದಲ್ಲಿ ಅವರು ಹಂದನಕೆರೆಗೆ ಯಾರದೋ ತಿಥಿಗೆ ಹೋಗಿದ್ದ ದಿನ ಗರಗಸದವರನ್ನು ಕರೆಸಿದ. ಸಂಜೆ ಬಸ್ಸಿಳಿದು ನಡೆದುಬಂದ ತೋಂಟದಾರ್ಯರು ಮನೆಯನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟರು. ಗುರುತು ಸಿಗಲಿಲ್ಲ. ಎಪ್ಪತ್ತು ವರ್ಷ ಬದುಕಿದ ಮನೆ. ನಾಯಿ ಓಡಿಹೋಗಿ ಕಾಲಿಗೆ ತೊಡರಿದ ಮೇಲೆ ತಿರುಗಿ ಬಂದು, ಬಿದ್ದ ಮರಗಳ ನಡುವೆ ಒಂದು ಗಳಿಗೆ ನಿಂತು, ಕಾಲು ತೊಳೆದು ಒಳಗೆ ಬಂದರು.

ಈ ಸೀಮೆಯಲ್ಲಿ ಕಾಯಿ ಬಿಡುವ ತೆಂಗು ಕಡಿದವರ ಮನೆಗೆ ಹೆಣ್ಣು ಕೊಡುವ ಮುಂಚೆ ಜನ ಒಂದು ಸಲ ಯೋಚಿಸುತ್ತಾರೆ. ಆದರೂ ತೋಂಟದಾರ್ಯರು ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗನ ಜೊತೆ ಮಾತು ಬಿಟ್ಟರು ಅಷ್ಟೆ. ಮಗನೂ ಅದೇ ರಕ್ತ, ಅವರೇ ಮಾತಾಡಿಸಲಿ ಎಂದು ಕೂತ. 'ನಿನ್ ಮಗನಿಗೆ ಹೇಳು, ಪಂಪಿನ ಸ್ಟಾರ್ಟರ್ ಕೆಟ್ಟೈತೆ' ಎಂದು ಇವರು. 'ನಿನ್ ಗಂಡನಿಗೆ ಹೇಳು, ನಾಳೆ ಸರಿ ಮಾಡಿಸ್ತೀನಿ' ಎಂದು ಅವನು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಒಳಗಿನವಳಿಗೆ ಕೇಳುವಂತೆ ಹೇಳುತ್ತಿದ್ದರು. ಐದು ತಿಂಗಳು ಸುವರ್ಣಮ್ಮ ಅತ್ತಿಂದಿತ್ತ ಮಾತು ಹೊತ್ತಳು. ಮಾರ್ಗಶಿರದ ಒಂದು ಬೆಳಿಗ್ಗೆ ಹಾಲು ಕರೆಯಲು ಕೂತಿದ್ದವರು ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡ ಹಾಗೇ ಹೋಗಿಬಿಟ್ಟರು. ಹೊರುವ ಮಾತು ಉಳಿಯಲಿಲ್ಲ.

ಯೋಗೀಶ್ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ತೋಟದ ಮೂಲೆಯಲ್ಲಿ ಸಮಾಧಿ, ಅದರ ಮೇಲೆ ಕಪ್ಪು ಕಲ್ಲು, ಸುತ್ತ ಹೂಗಿಡ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಗಟ್ಟಿ ಮನುಷ್ಯ ಎಂದು ಕೆಲವರು, ಕಲ್ಲು ಮನುಷ್ಯ ಎಂದು ಕೆಲವರು ಅಂದುಕೊಂಡು ಹೋದರು. ಆಮೇಲೆ ಬಸ್ಸುಗಳು ಬರತೊಡಗಿದವು. ಕೆನ್ನೆಗೆ ಬಾಗಿದ ಪುಟ್ಟ ಮೈಕು, ಸೊಂಟಕ್ಕೆ ಅಂಗೈಯಗಲದ ಸ್ಪೀಕರು ಕಟ್ಟಿಕೊಂಡು ಅವನು ಬಂದವರನ್ನು ಆ ಸಮಾಧಿಯ ಮುಂದೆ ನಿಲ್ಲಿಸುತ್ತಿದ್ದ. 'ಇದು ನಮ್ಮ ತಂದೆಯವರ ಕನಸು' ಎಂದು ಶುರುವಾಗುವ ನಾಲ್ಕು ನಿಮಿಷದ ಭಾಷಣ. ಗಾಳಿ ಇತ್ತ ಕಡೆ ಬೀಸಿದರೆ ಅಡುಗೆಮನೆಗೆ ಅಕ್ಷರ ಅಕ್ಷರ ಕೇಳುತ್ತಿತ್ತು. ಬಸ್ಸು ಬಂದ ಭಾನುವಾರವೆಲ್ಲ ಅದನ್ನು ಕೇಳಿ ಕೇಳಿ ಸುವರ್ಣಮ್ಮನಿಗೆ ಮೈಯೆಲ್ಲ ಉರಿದು, ಉರಿದು, ಕೊನೆಗೆ ಉರಿಯುವುದಕ್ಕೂ ಶಕ್ತಿ ಇಲ್ಲದಂತಾಗಿತ್ತು.

ಅಮಾವಾಸ್ಯೆಯ ದಿನ ಬಸ್ಸು ಬೇಡ ಅಂತ ಅವಳು ಹೇಳಿದ್ದಳು. ಯಾವುದೋ ಅಪಾರ್ಟ್‌ಮೆಂಟಿನ ಸಂಘದವರು, ಎರಡು ತಿಂಗಳ ಹಿಂದೆಯೇ ಬುಕ್ ಮಾಡಿದ್ದಾರೆ, ಅವತ್ತು ಅಮಾವಾಸ್ಯೆ ಅಂತ ಕ್ಯಾಲೆಂಡರ್ ನೋಡಲಿಲ್ಲ ಎಂದಿದ್ದ ಮಗ. ಅವನ ಹಿಂದೆಯೇ ಗೋಡೆಯ ಮೇಲೆ ಕ್ಯಾಲೆಂಡರ್ ನೇತಾಡುತ್ತಿತ್ತು. ಸುವರ್ಣಮ್ಮ ಅದನ್ನು ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋಗಿ ಬೇಳೆ ನೆನೆಹಾಕಿದಳು.

ಈಗ ಅವನು ಮೈಕು ಸಿಕ್ಕಿಸಿಕೊಳ್ಳುತ್ತ ನಡುಮನೆಗೆ ಇಣುಕಿ, ಹೇಗೂ ಬೇಗ ಬಂದಿದ್ದಾರೆ, ಒಂದು ಸುತ್ತು ತೋಟ ತೋರಿಸಿ ಬಂದುಬಿಡುತ್ತೇನೆ, ಹತ್ತೂವರೆಗೆ ಎಡೆ ಇಟ್ಟುಬಿಡೋಣ ಎಂದ. ಅಪ್ಪನ ಫೋಟೋದ ಕಡೆ ನೋಡಲಿಲ್ಲ. ಸ್ನಾನವನ್ನೂ ಮಾಡಿರಲಿಲ್ಲ. ಹೂಂ ಎಂದಳು ಸುವರ್ಣಮ್ಮ.

ಹತ್ತಕ್ಕೆ ರಂಗಪ್ಪ ಬಂದರು. ತೋಂಟದಾರ್ಯರ ಚಿಕ್ಕಪ್ಪನ ಮಗ, ಈಗ ದಾಯಾದಿಗಳಲ್ಲಿ ಹಿರಿಯರು. ಎಡೆಯ ಹೊತ್ತಿಗೆ ಹಿರಿಯರೊಬ್ಬರು ಇರಬೇಕೆಂದು ಬಂದವರು ಜಗಲಿಯ ಕಂಬಕ್ಕೊರಗಿ ಎಲೆಯಡಿಕೆ ತೆಗೆದರು. ಒಳಗೆ ಅಡುಗೆ ಮುಗಿಯಿತು. ಕರಿಗಡುಬು, ಹೋಳಿಗೆ, ವಡೆ, ಕುಂಬಳಕಾಯಿ ಪಲ್ಯ, ಹೀರೇಕಾಯಿ ಬೋಂಡ, ಹುರುಳಿಕಾಳಿನ ಉಸಲಿ, ಅನ್ನ, ತಿಳಿಸಾರು, ಗಸಗಸೆ ಪಾಯಸ. ಬಸ್ಸಿನವರಿಗೂ ಅದೇ, ಎಡೆಗೂ ಅದೇ. ಆದ್ದರಿಂದ ಎಡೆ ಆಗುವವರೆಗೆ ಯಾರೂ ಉಪ್ಪು ನೋಡುವ ಹಾಗಿರಲಿಲ್ಲ. ಅಡುಗೆಗೆ ಬರುವ ಪುಟ್ಟಗಂಗಮ್ಮ ಅಂದಾಜಿನ ಮೇಲೆ ಉಪ್ಪು ಹಾಕಿ, ಹೆಚ್ಚೋ ಕಮ್ಮಿಯೋ ಯಜಮಾನರೇ ಹೇಳಬೇಕು ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಹತ್ತೂವರೆ ಆಯಿತು. ಸೊಸೆ ಇಂಪನಾ ಕರೆಯಲು ಹೋದಳು. ಯೋಗೀಶ್ ಕಾಯಿ ಸುಲಿಯುವುದನ್ನು ತೋರಿಸುತ್ತಿದ್ದ. ಒಂದು ಬೆರಳೆತ್ತಿದ. ಹನ್ನೊಂದೂವರೆಗೆ ಮತ್ತೆ ಹೋದಳು. ಮಕ್ಕಳು ಪಂಪಿನ ಕೆಳಗಿದ್ದರು, ಅವನು ಪಕ್ಕದಲ್ಲಿ ನಿಂತು ಹುಷಾರು ಹುಷಾರು ಅನ್ನುತ್ತಿದ್ದ. ಆ ಕೆಲಸಕ್ಕೆ ಎಂದೂ ಅವನು ನಿಲ್ಲುತ್ತಿರಲಿಲ್ಲ, ಆಳು ಮಾಯಣ್ಣ ಇದ್ದ. ಹನ್ನೆರಡೂಕಾಲಿಗೆ ಇಡೀ ಗುಂಪನ್ನು ಹುಚ್ಚೆಳ್ಳು ಹೊಲಕ್ಕೆ ಕರೆದುಕೊಂಡು ಹೋದನೆಂದು ಇಂಪನಾ ಬಂದು ಹೇಳಿದಳು. ಹೇಳಿ ಅತ್ತೆಯ ಮುಖ ನೋಡಲಾರದೆ ಲೋಟ ತೊಳೆಯತೊಡಗಿದಳು. ತೊಳೆದ ಲೋಟಗಳೇ ಅವು. ಅವಳೇನು ಮಾಡುತ್ತಾಳೆ ಪಾಪ, ಅವಳು ಬಂದ ಮೇಲೆ ಈ ಮನೆಯಲ್ಲಿ ಇಬ್ಬರ ಹಟ ನೋಡಿದ್ದೇ ಆಯಿತು.

ಒಂದು ಗಂಟೆಗೆ ಬಸ್ಸಿನವರು ಹಸಿದು ವಾಪಸ್ಸು ಬಂದರು. ತಗಡಿನ ಚಪ್ಪರದ ಕೆಳಗೆ ಉದ್ದನೆ ಬೆಂಚುಗಳಿಗೆ ಬಂದು ಕೂತರು. ಒಗ್ಗರಣೆಯ ವಾಸನೆ ಅಲ್ಲಿಯವರೆಗೂ ಹೋಗಿತ್ತು. ಒಬ್ಬ ಹುಡುಗಿ ಊಟ ಊಟ ಎಂದು ರಾಗ ತೆಗೆದಳು. ಗಡಿಯಾರ ಕಟ್ಟಿದ ದಪ್ಪನೆಯವರೊಬ್ಬರು ಎರಡಕ್ಕೆ ಹೊರಟರೆ ತಿಪಟೂರು ಸರಿಹೋಗುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಲೆಕ್ಕ ಹಾಕಿದರು.

ಯೋಗೀಶ್ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದ. ಮೊದಲು ಅವರಿಗೆ ಬಡಿಸಿಬಿಡೋಣ, ಪಾಪ ಮಕ್ಕಳೆಲ್ಲ ಹಸಿದಿದ್ದಾರೆ ಎಂದ. ಬಸ್ಸು ಹೋದ ಮೇಲೆ ನಿಧಾನವಾಗಿ ಎಡೆ ಇಟ್ಟರಾಯಿತು. ಇಲ್ಲ, ಈಗಲೇ ಆಗಬೇಕೆಂದರೆ ರಂಗಪ್ಪ ಚಿಕ್ಕಪ್ಪ ಹೊರಗಿದ್ದಾರಲ್ಲ, ಅವರೇ ನಿಂತು ಕರೆಯಲಿ. ಹಿರಿಯರು ಕರೆದರೆ ಇನ್ನೂ ಒಳ್ಳೆಯದು. ಮಾತಾಡುತ್ತಲೇ ಪಾಯಸದ ಪಾತ್ರೆಗೆ ಕೈ ಹಾಕಿದ. ಸೊಂಟದ ಸ್ಪೀಕರು ಆರಿಸಲು ಮರೆತಿದ್ದರಿಂದ ಅವನ ಮಾತೆಲ್ಲ ಎರಡೆರಡು ಸಲ ಕೇಳುತ್ತಿತ್ತು.

ಸುವರ್ಣಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂರಬೇಡಿ ಎಂದು ಬಸ್ಸಿನ ಮಕ್ಕಳಿಗೆಲ್ಲ ಗದರುವವಳು. ಹಟ ಮಾಡಬೇಕೆಂದು ಕೂತದ್ದಲ್ಲ. ಮೊಣಕಾಲು ಇನ್ನು ಆಗದು ಅಂದಿತು, ಕೂತಳು. ಕೂತ ಮೇಲೆ ಗೊತ್ತಾಯಿತು, ತಾನು ಏಳದಿದ್ದರೆ ಒಂದು ಪಾತ್ರೆಯೂ ಆಚೆ ಹೋಗುವುದಿಲ್ಲ ಎಂದು. ಪಾತ್ರೆ ಹಿಡಿದುಕೊಂಡು ಯೋಗೀಶ್ ಎದುರಿಗೆ ನಿಂತ.

"ಅದನ್ನ ಆರ್ಸು ಮೊದ್ಲು," ಎಂದಳು ಅವಳು. ಅವನು ಸ್ಪೀಕರು ಆರಿಸಿದ.

"ಯೋಗಿ, ನಂಗೆ ಸಾಕಾಗೈತೆ ಕಣಪ್ಪ. ಅವ್ರಿದ್ದಾಗ ನಿನ್ ಮಾತು ಅವ್ರಿಗೆ ಮುಟ್ಟಿಸ್ದೆ, ಅವ್ರ ಮಾತು ನಿಂಗೆ ಮುಟ್ಟಿಸ್ದೆ. ಈಗ್ಲೂ ನಾನೇ ಹೋಗಿ ಹೇಳ್ಬೇಕಾ? ಎಲ್ಲಿಗ್ ಹೋಗಿ ಹೇಳ್ಲಿ?"

ಯೋಗೀಶ್ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟ. ಇಂಪನಾ ಪುಟ್ಟಗಂಗಮ್ಮನನ್ನು ಕರೆದುಕೊಂಡು ಹಿತ್ತಲಿಗೆ ಹೋದಳು. ಮೂವತ್ತೊಂಬತ್ತು ವರ್ಷದ ಗಂಡಸು, ಮೂವತ್ತು ಜನರನ್ನು ಬೆಳಗಿನಿಂದ ಮಾತಿನಲ್ಲೇ ಆಡಿಸಿದವನು, ತಾಯಿಯ ಮುಂದೆ ನಿಂತು ಬಹಳ ಹೊತ್ತು ಉಗುರಿನ ಸಂದಿಯ ಮಣ್ಣು ತೆಗೆದ.

"ನಾನ್ ಕರುದ್ರೆ ಅಪ್ಪಾಜಿ ಬರಲ್ಲಮ್ಮ," ಎಂದ ಕೊನೆಗೆ. "ಬೇರೆ ಯಾರ್ ಕರುದ್ರೂ ಬತ್ತಾರೆ. ನಾನ್ ಕರುದ್ರೆ ಬರಲ್ಲ."

ಇಷ್ಟು ದಿನ ಸುವರ್ಣಮ್ಮ, ಇವನು ಹಟದಿಂದ ಕರೆಯುವುದಿಲ್ಲ ಎಂದುಕೊಂಡಿದ್ದಳು. ಬೈಯಬೇಕೆಂದು ಕೂಡಿಸಿಟ್ಟಿದ್ದ ಮಾತುಗಳಿದ್ದವು, ಕ್ಯಾಲೆಂಡರಿನದು, ಸಮಾಧಿಯ ಭಾಷಣದ್ದು, ಮರದ್ದು. ಒಂದೂ ಈಗ ಬೇಕಾಗಲಿಲ್ಲ. ಎದ್ದು ಅವನ ತಲೆ ಸವರೋಣ ಅನ್ನಿಸಿತು. ಆದರೆ ಸವರಿದರೆ ಇವನು ಅಷ್ಟಕ್ಕೇ ತಪ್ಪಿಸಿಕೊಳ್ಳುತ್ತಾನೆ. ಹೊಸ್ತಿಲಿನಿಂದ ಏಳಲಿಲ್ಲ.

"ಬರೋದು ಬುಡೋದು ಅವ್ರಿಷ್ಟ. ಕರಿಯೋದು ನಿನ್ ಕೆಲ್ಸ. ಹೋಗು, ನೀರ್ ಹಾಕ್ಕೊಂಡ್ ಬಾ."

ಊಟ ಯಾಕೆ ತಡ ಎಂದು ವಿಚಾರಿಸಲು ಬಂದ ಹೆಂಗಸೊಬ್ಬಳು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಬಿಳಿ ಕೂದಲು, ಹೆಗಲಿಗೆ ಬಟ್ಟೆಯ ಚೀಲ. ಯೋಗೀಶ್ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ದಾಟಿಹೋದ. ಅವಳು ಫೋಟೋ ನೋಡಿದಳು, ಅದರ ಮುಂದೆ ಮಡಿಸಿಟ್ಟ ಹೊಸ ಪಂಚೆ ನೋಡಿದಳು, ಬಡಿಸದೆ ಹಾಸಿಟ್ಟಿದ್ದ ಬಾಳೆ ಎಲೆ ನೋಡಿದಳು. ಚಪ್ಪಲಿ ಹಾಕಿಕೊಂಡೇ ಬಂದಿದ್ದೇನೆಂದು ಆಮೇಲೆ ಗೊತ್ತಾಗಿ ಹಿಂದೆ ಸರಿದು ಕಳಚಿದಳು. ಇದು ಇವತ್ತೇನಾ ಎಂದು ಕೇಳಿದಳು. ಹೌದು ಕಣಮ್ಮ, ಹೊಸ ಎಡೆ, ಅವರಿಗಾಗುವವರೆಗೆ ಇನ್ನೊಬ್ಬರಿಗೆ ಬಡಿಸುವ ಹಾಗಿಲ್ಲ, ನಿಮ್ಮನ್ನು ಹಸಿದು ಕೂರಿಸುವ ಹಾಗಾಯಿತು ಎಂದಳು ಸುವರ್ಣಮ್ಮ. ಹೇಳುವಾಗ ನಾಚಿಕೆಯಾಯಿತು, ಆದರೆ ಜಗ್ಗಲಿಲ್ಲ. ತನ್ನ ಅಮ್ಮನೂ ಇಡುತ್ತಿದ್ದಳು, ಊರು ಬಿಟ್ಟ ಮೇಲೆ ನಿಂತುಹೋಯಿತು ಎಂದಳು ಆಕೆ. ಮಕ್ಕಳಿಗೆ ಬಾಳೆಹಣ್ಣು ಕೊಡಬಹುದೇ ಎಂದು ಕೇಳಿ, ಕೊಡಬಹುದು ಅಂದದ್ದಕ್ಕೆ, ಮೂಲೆಯಲ್ಲಿದ್ದ ಗೊನೆಯಿಂದ ಒಂದು ಚಿಪ್ಪು ಮುರಿದುಕೊಂಡು ಹೊರಗೆ ಹೋದಳು.

ಅವಳು ಹೊರಗೆ ಏನು ಹೇಳಿದಳೋ ಗೊತ್ತಿಲ್ಲ. ಗಡಿಯಾರದವರು ಇದನ್ನೆಲ್ಲ ಮೊದಲೇ ತಿಳಿಸಬೇಕಿತ್ತು ಎಂದು ಒಂದಿಷ್ಟು ಗೊಣಗಿದರು. ಇದು ಕಾರ್ಯಕ್ರಮದ ಭಾಗವೇ ಎಂದು ಯಾರೋ ಕೇಳಿದರು, ಅಲ್ಲ ಎಂದು ಯಾರೋ ಹೇಳಿದರು. ಆಮೇಲೆ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಬಂದು ಅಂಗಳದಲ್ಲಿ, ಜಗಲಿಯ ಕೆಳಗೆ, ಅಂಚಿಗೆ ಉರುಳಿಸಿಟ್ಟ ಕಡಿದ ತೆಂಗಿನ ದಿಮ್ಮಿಗಳ ಮೇಲೆ ಅಲ್ಲಲ್ಲಿ ಕುಳಿತರು. ಫೋನೆತ್ತಿದ ಒಬ್ಬ ಹುಡುಗನ ಕೈಯನ್ನು ಬಿಳಿಕೂದಲಿನವಳು ಮೆತ್ತಗೆ ಕೆಳಗಿಳಿಸಿದಳು.

ಯೋಗೀಶ್ ತೊಟ್ಟಿಯ ಹತ್ತಿರ ಎರಡು ಬಿಂದಿಗೆ ತಲೆಗೆ ಸುರಿದುಕೊಂಡು ಪಂಚೆ ಸುತ್ತಿ ಬಂದ. ನೀರು ಇಳಿಯುತ್ತಿತ್ತು. ಇಂಪನಾ ಎಲೆಯ ತುದಿಯಿಂದ ಬಡಿಸುತ್ತ ಬಂದಳು, ಸುವರ್ಣಮ್ಮ ಹೆಸರು ಹೇಳುತ್ತ ಹೋದಳು. ಕರಿಗಡುಬು ಎರಡಲ್ಲ, ನಾಲ್ಕು. ಹೋಳಿಗೆಗೆ ತುಪ್ಪ ಇನ್ನೊಂದು ಚಮಚ. ಎಲೆಯ ಪಕ್ಕಕ್ಕೆ ನಶ್ಯದ ಡಬ್ಬಿ. ದೀಪ ಹಚ್ಚಿ, ಊದುಬತ್ತಿ ಬೆಳಗಿ, ಮೂವರೂ ಮಣಿದರು. ರಂಗಪ್ಪ ಬಾಗಿಲ ಬಳಿ ನಿಂತು ಇನ್ನು ಕರಿಯಪ್ಪ ಎಂದರು.

ಯೋಗೀಶ್ ಕೈಮುಗಿದು ನಿಂತ. ಗಂಟಲು ಸರಿಮಾಡಿಕೊಂಡು, "ನಮ್ಮ ತಂದೆಯವರಾದಂಥ..." ಎಂದು ಶುರುಮಾಡಿದ. ಭಾನುವಾರದ ದನಿ.

"ಅದಲ್ಲ ಕಣಪ್ಪ," ಎಂದಳು ಸುವರ್ಣಮ್ಮ.

ಅವನು ನಿಲ್ಲಿಸಿದ. ಫೋಟೋವನ್ನು ಆ ದಿನ ಮೊದಲ ಬಾರಿಗೆ ನೋಡಿದ. ಆಧಾರ್ ಕಾರ್ಡಿಗೆಂದು ತೆಗೆಸಿದ ಫೋಟೋ ಅದು, ದೊಡ್ಡದು ಮಾಡಿಸಿದ್ದರಿಂದ ಮುಖ ಒಂಚೂರು ಮಬ್ಬಾಗಿತ್ತು. ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ರಂಗಪ್ಪ ನೆಲ ನೋಡಿದರು. ಊದುಬತ್ತಿಯ ಬೂದಿ ಬಿತ್ತು. ತಾನೇ ಕರೆದುಬಿಡಲೇ ಎಂದು ಸುವರ್ಣಮ್ಮನ ಬಾಯಿ ತೆರೆದುಕೊಂಡಿತ್ತು, ಇಷ್ಟು ವರ್ಷದ ಅಭ್ಯಾಸ. ಹಲ್ಲು ಕಚ್ಚಿ ಮುಚ್ಚಿಕೊಂಡಳು.

"ಅಪ್ಪಾಜಿ," ಎಂದ ಯೋಗೀಶ್. ದನಿ ಒಡೆದು ಹೊರಟಿತು. ಇನ್ನೊಂದು ಸಲ ಎಂದ. "ಅಪ್ಪಾಜಿ, ಬನ್ನಿ. ಹೊತ್ತಾಗೋಗೈತೆ. ಉಂಬನ ಬನ್ನಿ."

ಅಷ್ಟು ಹೇಳುವುದರಲ್ಲಿ ಅವನ ಭುಜ ಅಲುಗಲು ಶುರುವಾಗಿತ್ತು. ರಂಗಪ್ಪ ಅವನ ತೋಳು ಹಿಡಿದು ಹೊರಗೆ ತಂದರು. ಸುವರ್ಣಮ್ಮ ಹಿಂದೆ ಬಂದು ಬಾಗಿಲು ಎಳೆದಳು. ಎಲ್ಲರೂ ಜಗಲಿಗೆ ಬಂದರು. ಯೋಗೀಶ್ ಬಾಗಿಲ ಪಕ್ಕದ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತು ಒದ್ದೆ ಟವೆಲ್ಲಿನಲ್ಲಿ ಮುಖ ಹುದುಗಿಸಿಕೊಂಡ. ಒಂಬತ್ತು ತಿಂಗಳ ಹಿಂದೆ ಅಳಬೇಕಾಗಿದ್ದದ್ದು. ಅಂಗಳದವರು ಬೇರೆ ಕಡೆ ನೋಡಿದರು. ಸುವರ್ಣಮ್ಮ ನೋಡುತ್ತಲೇ ಇದ್ದಳು. ಅವಳಿಗೆ ದುಃಖವೂ ಆಗಿತ್ತು, ಏನೋ ಒಂದು ಭಾರ ಇಳಿದ ಹಾಗೂ ಆಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ದಣಿವಾಗಿತ್ತು.

ಹತ್ತು ನಿಮಿಷ ಕಳೆಯಿತು. ಸಾಮಾನ್ಯವಾಗಿ ಅಷ್ಟು ಸಾಕು. ಬಾಳೆಹಣ್ಣು ಮುಗಿಸಿದ ಮಕ್ಕಳು ಮತ್ತೆ ಅಮ್ಮಂದಿರ ಕಡೆ ನೋಡಲು ಶುರುಮಾಡಿದ್ದವು. ಗಡಿಯಾರದವರು ಗಡಿಯಾರ ನೋಡಿ, ನೋಡಲಿಲ್ಲವೆಂಬಂತೆ ಕೈ ಬೆನ್ನಿಗೆ ಕಟ್ಟಿದರು. ರಂಗಪ್ಪ ಎದ್ದು ಪಂಚೆ ಕೊಡವಿಕೊಂಡರು. ಹಸಿದವರನ್ನು ಇನ್ನು ಕಾಯಿಸಬಾರದು ಎಂದು ಸುವರ್ಣಮ್ಮ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

ಯೋಗೀಶ್ ಅವಳ ಸೀರೆಯ ತುದಿ ಹಿಡಿದ.

"ಇನ್ನೊಂದ್ ಗಳಿಗೆ ಬುಡಮ್ಮ," ಎಂದ, ಮುಖದಿಂದ ಟವೆಲ್ಲು ತೆಗೆಯದೆ. "ಅಪ್ಪಾಜಿ ನಿಧಾನಕ್ಕೆ ಉಣ್ಣೋರು."

ಅದು ಅವನು ಚಿಕ್ಕವನಿದ್ದಾಗಿನ ಮಾತು. ಕೊನೆಯ ಐದು ತಿಂಗಳು ಮಗನ ಬೈಕಿನ ಸದ್ದು ಕೇಳಿದರೆ ಸಾಕು, ತೋಂಟದಾರ್ಯರು ಎಲೆಯಲ್ಲಿ ಅರ್ಧ ಬಿಟ್ಟು ಕೈತೊಳೆದು ಎದ್ದುಬಿಡುತ್ತಿದ್ದರು. ಸುವರ್ಣಮ್ಮ ಅದನ್ನು ಹೇಳಲಿಲ್ಲ. ಚಿಲಕದಿಂದ ಕೈ ತೆಗೆದು ಮಗನ ಪಕ್ಕದಲ್ಲಿ ಕೂತಳು.

ಬಸ್ಸಿನ ಡ್ರೈವರು ಯಾಕೆ ಇಷ್ಟು ಹೊತ್ತು ಎಂದು ಕೇಳಲು ಇಳಿದು ಬಂದ. ಎಲ್ಲರೂ ಸುಮ್ಮನೆ ಕೂತದ್ದನ್ನು ನೋಡಿ ಚಪ್ಪಲಿ ಬಿಟ್ಟು, ಜಗಲಿಯ ತುದಿಯಲ್ಲಿ ಜಾಗ ಮಾಡಿಕೊಂಡು ತಾನೂ ಕೂತ.